ಸೇಂಟ್ ಮೇರಿ ದ್ವೀಪ: ಒಂದು ತಿದ್ದುಪಡಿ

1991ರ ಡಿಸೆಂಬರ್‌ನಲ್ಲಿ ನಮ್ಮ ಶಾಲೆಯಿಂದ ಉಡುಪಿಗೆ ಪ್ರವಾಸ ಹೋದದ್ದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಕೃಷ್ಣ ಮಠದ ದರ್ಶನ ಮುಗಿಸಿ, ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರಿ ದ್ವೀಪಕ್ಕೆ ಹೋಗಿದ್ದೆವು. ಮೇಲೂರಿನ ಮಕ್ಕಳಲ್ಲಿ ಹೆಚ್ಚಿನವರು ಸಮುದ್ರವನ್ನು ಕಂಡದ್ದು ಅದೇ ಮೊದಲು. ಕೆಲವರಿಗೆ ದೋಣಿಯಲ್ಲಿ ವಾಂತಿಯೂ ಆಯಿತು.

ದ್ವೀಪದಲ್ಲಿ ನಾನು ಎಂದಿನ ಗತ್ತಿನಿಂದ ಪಾಠ ಆರಂಭಿಸಿದೆ. "ವಾಸ್ಕೋ ಡ ಗಾಮ ಭಾರತದಲ್ಲಿ ಮೊದಲು ಕಾಲಿಟ್ಟದ್ದು ಇಲ್ಲಿ. ಇಲ್ಲಿಂದ ಅವನು ಕಲ್ಲಿಕೋಟೆಗೆ ಹೋದ" ಎಂದೆ. ಹಿಂದೆ ನಿಂತಿದ್ದ ಹುಡುಗನೊಬ್ಬ ಕೇಳಿದ: "ಸಾರ್, ಆಫ್ರಿಕಾದಿಂದ ನೆಟ್ಟಗೆ ಕಲ್ಲಿಕೋಟೆಗೆ ಬಂದ ಅಂತ ತರಗತಿಯಲ್ಲಿ ಹೇಳಿದ್ರಿ. ಮಲ್ಪೆ ಅದಕ್ಕಿಂತ ಎಷ್ಟೋ ಉತ್ತರಕ್ಕಿದೆಯಲ್ಲ?" ನನ್ನಲ್ಲಿ ಉತ್ತರವಿರಲಿಲ್ಲ. "ಹೇಳಿದಷ್ಟು ಬರೆದುಕೊ" ಎಂದು ಗದರಿಸಿಬಿಟ್ಟೆ. ಆಮೇಲೆ ಆ ಹುಡುಗ ಪ್ರವಾಸ ಮುಗಿಯುವವರೆಗೂ ಏನನ್ನೂ ಕೇಳಲಿಲ್ಲ.

ನಿವೃತ್ತಿಯ ನಂತರ ಬಿಡುವಾಗಿ ಓದುವಾಗ ಗಾಮನ ಮೊದಲ ಯಾನದ ದಿನಚರಿ ಕೈಗೆ ಸಿಕ್ಕಿತು. ಹಡಗಿನಲ್ಲಿದ್ದವನೊಬ್ಬ ಬರೆದಿಟ್ಟ ಇದನ್ನು ರೇವನ್‌ಸ್ಟೈನ್ ಎಂಬ ವಿದ್ವಾಂಸರು 1898ರಲ್ಲಿ ಇಂಗ್ಲಿಷಿಗೆ ತಂದಿದ್ದಾರೆ. ಅದರಂತೆ ಹಡಗುಗಳು 1498ರ ಏಪ್ರಿಲ್ 24ರಂದು ಆಫ್ರಿಕಾದ ಮಾಲಿಂದಿಯನ್ನು ಬಿಟ್ಟವು. ಮೇ 18ರಂದು ಭಾರತದ ಬೆಟ್ಟಗಳನ್ನು ಕಂಡವು. 20ರಂದು ಕಲ್ಲಿಕೋಟೆಯ ಸಮೀಪ ಲಂಗರು ಹಾಕಿದವು. ಆ ಬೆಟ್ಟ ಕಣ್ಣೂರಿನ ಬಳಿಯ ಏಳಿಮಲೆ ಎನ್ನುತ್ತಾರೆ. ಅದು ಮಲ್ಪೆಗಿಂತ ದಕ್ಷಿಣಕ್ಕಿದೆ. ಕಲ್ಲಿಕೋಟೆಯ ಸಾಮೂದಿರಿಯೊಡನೆ ಮನಸ್ತಾಪವಾಗಿ ಗಾಮ ಆಗಸ್ಟ್ 29ರಂದು ಅಲ್ಲಿಂದ ಹೊರಟ. ದ್ವೀಪಗಳ ಪ್ರಸ್ತಾಪ ಬರುವುದು ಆಮೇಲೆ, ಸೆಪ್ಟೆಂಬರ್ 15ರ ಶನಿವಾರ. ಅಂದರೆ ಗಾಮ ಇಲ್ಲಿಗೆ ಬಂದದ್ದು ಊರಿಗೆ ಮರಳುವ ದಾರಿಯಲ್ಲಿ!

ದೊರೆ ಮೂರು ಕಂಬಗಳನ್ನು ಕೊಟ್ಟು ಕಳುಹಿಸಿದ್ದ. ಒಂದನ್ನು ಆಫ್ರಿಕಾದಲ್ಲಿ, ಇನ್ನೊಂದನ್ನು ಕಲ್ಲಿಕೋಟೆಯಲ್ಲಿ ನಿಲ್ಲಿಸಿಯಾಗಿತ್ತು. ಸಾಂತಾ ಮರಿಯಾ ಹೆಸರಿನದು ಮಾತ್ರ ಉಳಿದಿತ್ತು. ಅದನ್ನು ಇಲ್ಲಿ ನೆಟ್ಟರು. ದ್ವೀಪಕ್ಕೆ ಆ ಹೆಸರೇ ನಿಂತಿತು. ದಿನಚರಿಯಲ್ಲಿ ನನಗೆ ಬಹಳ ಹಿಡಿಸಿದ್ದು ಮುಂದಿನ ಸಂಗತಿ. ಮೀನು ಹೊತ್ತ ದೋಣಿಗಳು ಬಂದವಂತೆ. ಗಾಮ ಬೆಸ್ತರಿಗೆ ಅಂಗಿಗಳನ್ನು ಕೊಟ್ಟು, ಕಂಬ ನೆಡಬಹುದೇ ಎಂದು ಕೇಳಿದನಂತೆ. ಅವರು ಸಂತೋಷದಿಂದ ಒಪ್ಪಿ, ತಾವೂ ಕ್ರೈಸ್ತರೇ ಎಂಬರ್ಥದ ಮಾತಾಡಿದರಂತೆ! ಕಲ್ಲಿಕೋಟೆಯ ದೇವಸ್ಥಾನವನ್ನೇ ಇಗರ್ಜಿ ಎಂದು ಭಾವಿಸಿದ್ದ ಜನ ಇವರು. ಈ ಸಂಭಾಷಣೆ ಯಾವ ಭಾಷೆಯಲ್ಲಿ, ಎಷ್ಟು ಕೈಸನ್ನೆಯಲ್ಲಿ ನಡೆಯಿತೋ ದೇವರೇ ಬಲ್ಲ. ನಿವೃತ್ತಿಯ ಬಳಿಕ ಮತ್ತೊಮ್ಮೆ ಹೋದಾಗ ಕಂಬದ ಗುರುತಿಗಾಗಿ ಹುಡುಕಾಡಿದೆ. ನನ್ನ ಕಣ್ಣಿಗೆ ಏನೂ ಬೀಳಲಿಲ್ಲ.

ಇನ್ನು ಪ್ರಕೃತಿಯೇ ನಿಲ್ಲಿಸಿದ ಕಂಬಗಳ ವಿಷಯ. ನಮ್ಮೂರಿನ ದ್ರಾಕ್ಷಿ ಚಪ್ಪರಕ್ಕೆ ನೆಡುವ ಕಲ್ಲುಕೂಚಗಳನ್ನು ಒತ್ತೊತ್ತಾಗಿ ಜೋಡಿಸಿಟ್ಟಂತೆ ಐದು, ಆರು, ಏಳು ಮುಖಗಳ ಕಂಬಗಳು ಅಲ್ಲಿವೆ. ಒಂದರಲ್ಲೂ ಉಳಿಯ ಗುರುತಿಲ್ಲ. ಬೇಸಿಗೆಯಲ್ಲಿ ಕೆರೆಯಂಗಳದ ಕೆಸರು ಒಣಗುತ್ತ ಕುಗ್ಗಿ ಬಿರಿಯುವುದನ್ನು ನೀವೆಲ್ಲ ನೋಡಿದ್ದೀರಿ. ಲಾವಾ ತಣಿಯುವಾಗಲೂ ಹಾಗೆಯೇ ಕುಗ್ಗುತ್ತದೆ. ಬಿರುಕುಗಳು ಒಳಕ್ಕಿಳಿಯುತ್ತ ಹೋಗಿ ಕಂಬಗಳಾಗುತ್ತವೆ.

ಇಲ್ಲೂ ನಾನು ತಪ್ಪು ಹೇಳಿದ್ದೆ. ಇದು ದಖ್ಖನ್ನಿನ ಲಾವಾ, ಬಸಾಲ್ಟ್ ಎಂದಿದ್ದೆ. ದಖ್ಖನ್ನಿನ ಲಾವಾ ಉಕ್ಕಿದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ. ಸೇಂಟ್ ಮೇರಿಯದು ಸುಮಾರು 8.5ರಿಂದ 9 ಕೋಟಿ ವರ್ಷ ಹಳೆಯದು. ಬಸಾಲ್ಟಿಗಿಂತ ಹೆಚ್ಚು ಸಿಲಿಕಾ ಇರುವ ಡೇಸೈಟ್ ಬಗೆಯ ಶಿಲೆ. ಆಗ ಮಡಗಾಸ್ಕರ್ ಮತ್ತು ಭಾರತ ಒಂದಕ್ಕೊಂದು ಅಂಟಿಕೊಂಡಿದ್ದು, ಬೇರೆಯಾಗತೊಡಗಿದ್ದವು. ಅದೇ ಕಾಲದ ಲಾವಾ ಮಡಗಾಸ್ಕರಿನಲ್ಲೂ ಹೇರಳವಾಗಿದೆ. ನಡುವೆ ಈಗ ಸುಮಾರು 4,000 ಕಿ.ಮೀ. ಸಮುದ್ರ. ಭೂಗರ್ಭದಲ್ಲಿ ಆ ಬೆಂಕಿಯ ಮೂಲ ಅಲ್ಲೇ ಉಳಿಯಿತು, ಭಾರತ ಉತ್ತರಕ್ಕೆ ಸರಿಯಿತು ಎಂಬುದು ಹಲವು ಭೂವಿಜ್ಞಾನಿಗಳ ವಿವರಣೆ. ಹಿಂದೂ ಮಹಾಸಾಗರದ ದಕ್ಷಿಣದ ಕೊನೆಯಲ್ಲಿರುವ ಮೇರಿಯನ್ ದ್ವೀಪ ಇಂದಿಗೂ ಅದೇ ಬೆಂಕಿಯ ಮೇಲೆ ಕುಳಿತಿದೆ. 1980ರಲ್ಲಿ ಅಲ್ಲಿ ಜ್ವಾಲಾಮುಖಿ ಉಕ್ಕಿತ್ತು. (ಮೇರಿಯನ್ ಎಂಬುದು ಒಬ್ಬ ಫ್ರೆಂಚ್ ನಾವಿಕನ ಹೆಸರು; ನಮ್ಮ ಮೇರಿಗೂ ಅದಕ್ಕೂ ಸಂಬಂಧವಿಲ್ಲ.)

ಮಲ್ಪೆ ದೂರವೆನ್ನುವವರಿಗೆ ಇನ್ನೊಂದು ಮಾತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆ ಗುರುತಿಸಿದ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳಲ್ಲಿ ಸೇಂಟ್ ಮೇರಿಯ ಜೊತೆಗೆ ಕೋಲಾರ ಚಿನ್ನದ ಗಣಿ ಪ್ರದೇಶದ ಪೆದ್ದಪಲ್ಲಿಯೂ ಇದೆ. ಜ್ವಾಲಾಮುಖಿಗಳು ಉಗುಳಿದ, 200 ಕೋಟಿ ವರ್ಷಗಳಿಗೂ ಹಳೆಯ ಕಲ್ಲುಗಳು ಅಲ್ಲಿವೆ. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಗುವವರೆಗೆ ಅದು ನಮ್ಮದೇ ಜಿಲ್ಲೆ. ನಾನು ಒಮ್ಮೆಯೂ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಲಿಲ್ಲ.

ನನ್ನ ಶಿಷ್ಯರಲ್ಲಿ ಹಲವರು ಈಗ ತಾವೇ ಉಪಾಧ್ಯಾಯರು. ನನ್ನ ಹಳೆಯ ಟಿಪ್ಪಣಿಯಿಂದ ಪಾಠ ಮಾಡುತ್ತಿದ್ದರೆ ದಯವಿಟ್ಟು ತಿದ್ದಿಕೊಳ್ಳಿ. ಮಕ್ಕಳನ್ನು ದ್ವೀಪಕ್ಕೆ ಕರೆದೊಯ್ಯುವುದಾದರೆ ಮಳೆಗಾಲ ಬಿಟ್ಟು ಹೋಗಿ, ಆಗ ದೋಣಿಗಳಿರುವುದಿಲ್ಲ. ಹಿಂದೆ ನಿಂತು ಪ್ರಶ್ನೆ ಕೇಳಿದ ಆ ಹುಡುಗ ಇದನ್ನು ಓದುತ್ತಿದ್ದರೆ: ಅಪ್ಪಾ, ನಿನ್ನ ಭೂಪಟ ಸರಿಯಾಗಿತ್ತು. ಗಾಮ ಬಂದದ್ದು ದಕ್ಷಿಣದಿಂದ, ಸೆಪ್ಟೆಂಬರ್‌ನಲ್ಲಿ.