ಆಹಾರ ಪದ್ಧತಿ, ರಕ್ತದೊತ್ತಡ ಮತ್ತು ಹೃದಯದ ಆರೋಗ್ಯ: ಅತ್ತಿಗುಪ್ಪೆ ಹಾಗೂ ಸುತ್ತಲಿನ ಬಡಾವಣೆಗಳ ನಾಗರಿಕರಿಗೆ ಮಾಹಿತಿ

ಪೀಠಿಕೆ

ಅತ್ತಿಗುಪ್ಪೆ, ವಿಜಯನಗರ ಮತ್ತು ಚಂದ್ರಾ ಬಡಾವಣೆಗಳಲ್ಲಿ ರಾಜ್ಯದ ವಿವಿಧ ಜಿಲ್ಲೆಗಳಿಂದ ಬಂದು ನೆಲೆಸಿರುವ ಕುಟುಂಬಗಳಿವೆ. ಊರು ಬದಲಾದಂತೆ ಊಟವೂ ಬದಲಾಗುತ್ತದೆ. ಈ ಬದಲಾವಣೆಯಿಂದ ರಕ್ತದೊತ್ತಡದ ಮೇಲೆ ಉಂಟಾಗುವ ಪರಿಣಾಮ, ಅನುಸರಿಸಬೇಕಾದ ಕ್ರಮಗಳು ಹಾಗೂ ಲಭ್ಯವಿರುವ ಸರ್ಕಾರಿ ಸೇವೆಗಳ ವಿವರಗಳನ್ನು ಇಲ್ಲಿ ನೀಡಲಾಗಿದೆ.

ಅಧಿಕ ರಕ್ತದೊತ್ತಡ ಎಂದರೇನು?

ಬೇರೆ ಬೇರೆ ದಿನಗಳಲ್ಲಿ ಅಳೆದಾಗ ರಕ್ತದೊತ್ತಡವು 140/90 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದನ್ನು ಅಧಿಕ ರಕ್ತದೊತ್ತಡವೆಂದು ಪರಿಗಣಿಸಲಾಗುತ್ತದೆ. ಬಹುತೇಕರಲ್ಲಿ ಇದಕ್ಕೆ ಯಾವುದೇ ಲಕ್ಷಣಗಳಿರುವುದಿಲ್ಲ. ಪಾರ್ಶ್ವವಾಯು, ಹೃದಯಾಘಾತ ಅಥವಾ ಮೂತ್ರಪಿಂಡದ ವೈಫಲ್ಯ ಸಂಭವಿಸಿದ ನಂತರವೇ ಅನೇಕರಿಗೆ ಇದು ತಿಳಿದುಬರುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನದ ಪ್ರಕಾರ ದೇಶದ ವಯಸ್ಕರಲ್ಲಿ ಶೇ. 35.5ರಷ್ಟು ಜನರಿಗೆ ಅಧಿಕ ರಕ್ತದೊತ್ತಡವಿದೆ. ಗ್ರಾಮಗಳಿಗಿಂತ ನಗರಗಳಲ್ಲಿ ಈ ಪ್ರಮಾಣ ಹೆಚ್ಚು.

ಆಹಾರದ ಪಾತ್ರ

ಉಪ್ಪಿನಲ್ಲಿರುವ ಸೋಡಿಯಂ ದೇಹದಲ್ಲಿ ನೀರನ್ನು ಹಿಡಿದಿಟ್ಟು ರಕ್ತದ ಪ್ರಮಾಣವನ್ನೂ ರಕ್ತನಾಳಗಳ ಮೇಲಿನ ಒತ್ತಡವನ್ನೂ ಹೆಚ್ಚಿಸುತ್ತದೆ. ಸೊಪ್ಪು, ಕಾಳು, ಹಣ್ಣು ಮತ್ತು ಎಳನೀರಿನಲ್ಲಿರುವ ಪೊಟ್ಯಾಸಿಯಂ, ಸೋಡಿಯಂ ಹೊರಹೋಗಲು ನೆರವಾಗುತ್ತದೆ. ವನಸ್ಪತಿ, ಬೆಣ್ಣೆ ಮತ್ತು ತಾಳೆ ಎಣ್ಣೆಯ ಅತಿ ಬಳಕೆಯು ಕೆಟ್ಟ ಕೊಬ್ಬಿನಂಶವನ್ನು ಹೆಚ್ಚಿಸಿ ಹೃದಯದ ರಕ್ತನಾಳಗಳಿಗೆ ಹಾನಿ ಮಾಡುತ್ತದೆ.

ವಿವಿಧ ಜನಸಮುದಾಯಗಳ ಅನುಭವ

1. 1988ರಲ್ಲಿ ಪ್ರಕಟವಾದ ಇಂಟರ್‌ಸಾಲ್ಟ್ ಅಧ್ಯಯನವು 32 ದೇಶಗಳ 52 ಕೇಂದ್ರಗಳಲ್ಲಿ ನಡೆಯಿತು. ಅತ್ಯಲ್ಪ ಉಪ್ಪು ಸೇವಿಸುವ ಬ್ರೆಜಿಲ್‌ನ ಯಾನೊಮಾಮಿ ಬುಡಕಟ್ಟಿನವರಲ್ಲಿ ವಯಸ್ಸು ಹೆಚ್ಚಿದರೂ ರಕ್ತದೊತ್ತಡ ಏರುತ್ತಿರಲಿಲ್ಲ.
2. ಕೀನ್ಯಾದ ಲುವೋ ಸಮುದಾಯದವರು ಹಳ್ಳಿಯಿಂದ ನೈರೋಬಿ ನಗರಕ್ಕೆ ವಲಸೆ ಬಂದ ಕೆಲವೇ ತಿಂಗಳುಗಳಲ್ಲಿ ಅವರ ರಕ್ತದೊತ್ತಡ ಏರಿತು. ಸೋಡಿಯಂ ಸೇವನೆ ಹೆಚ್ಚಿ, ಪೊಟ್ಯಾಸಿಯಂ ಕಡಿಮೆಯಾದುದು ಅದರ ಜೊತೆಗೇ ಕಂಡುಬಂದಿತು.
3. ಫಿನ್ಲೆಂಡಿನ ಉತ್ತರ ಕರೇಲಿಯಾ ಪ್ರಾಂತ್ಯದಲ್ಲಿ 1972ರಿಂದ ಬೆಣ್ಣೆ ಮತ್ತು ಉಪ್ಪನ್ನು ಕಡಿಮೆ ಮಾಡಿ ತರಕಾರಿಯನ್ನು ಹೆಚ್ಚಿಸಲಾಯಿತು, ಧೂಮಪಾನವನ್ನೂ ತಗ್ಗಿಸಲಾಯಿತು. ಮುಂದಿನ ನಾಲ್ಕು ದಶಕಗಳಲ್ಲಿ ದುಡಿಯುವ ವಯಸ್ಸಿನ ಪುರುಷರಲ್ಲಿ ಹೃದ್ರೋಗದ ಸಾವುಗಳು ಶೇ. 80ಕ್ಕೂ ಹೆಚ್ಚು ಇಳಿದವು.

ವಂಶವೊಂದೇ ಕಾರಣವಲ್ಲ, ಊಟ ಬದಲಾದರೆ ಫಲವೂ ಬದಲಾಗುತ್ತದೆ ಎಂಬುದು ಇವುಗಳಿಂದ ಸ್ಪಷ್ಟವಾಗುತ್ತದೆ.

ನಮ್ಮ ಊಟದಲ್ಲಿ ಗಮನಿಸಬೇಕಾದುದು

ಹಳೆ ಮೈಸೂರು ಭಾಗದ ರಾಗಿಮುದ್ದೆ–ಸೊಪ್ಪಿನ ಸಾರು, ಉತ್ತರ ಕರ್ನಾಟಕದ ಜೋಳದ ರೊಟ್ಟಿ–ಕಾಳುಪಲ್ಯ ಹಾಗೂ ಕರಾವಳಿಯ ಕುಚ್ಚಲಕ್ಕಿ ಗಂಜಿ ಉತ್ತಮ ಆಹಾರಗಳು. ಪಾಲಿಶ್ ಮಾಡಿದ ಅಕ್ಕಿಗಿಂತ ರಾಗಿಯಲ್ಲಿ ಸುಮಾರು 4 ಪಟ್ಟು ಪೊಟ್ಯಾಸಿಯಂ ಇದೆ. ಆದರೆ ಇವುಗಳ ಜೊತೆಗೆ ಬರುವ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಒಣಮೀನು ಮತ್ತು ಚಟ್ನಿಪುಡಿಗಳಲ್ಲಿ ಉಪ್ಪು ಅಧಿಕ. ನಗರದಲ್ಲಿ ಬೇಕರಿ ತಿನಿಸು, ಚಿಪ್ಸ್ ಮತ್ತು ದಿಢೀರ್ ನೂಡಲ್ಸ್ ಸಹ ಇವುಗಳ ಜೊತೆ ಸೇರುತ್ತವೆ.

ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ಒಬ್ಬರಿಗೆ ದಿನಕ್ಕೆ 5 ಗ್ರಾಂಗಿಂತ, ಅಂದರೆ ಒಂದು ಟೀ ಚಮಚಕ್ಕಿಂತ, ಕಡಿಮೆ ಉಪ್ಪು ಸಾಕು. 2017–18ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಭಾರತೀಯರ ಸರಾಸರಿ ಸೇವನೆ ಸುಮಾರು 8 ಗ್ರಾಂ ಎಂದು ಕಂಡುಬಂದಿದೆ.

ಅನುಸರಿಸಬೇಕಾದ ಕ್ರಮಗಳು

1. ನಾಲ್ವರ ಕುಟುಂಬಕ್ಕೆ ತಿಂಗಳಿಗೆ 600 ಗ್ರಾಂ ಉಪ್ಪು ಮಿತಿಯಾಗಿದ್ದು, ಹೊರಗಿನ ತಿಂಡಿಯ ಉಪ್ಪೂ ಇದರಲ್ಲಿ ಸೇರಿರುತ್ತದೆ. ಮನೆಯಲ್ಲಿ ಒಂದು ಕಿಲೋ ಪೊಟ್ಟಣ ಎಷ್ಟು ದಿನ ಬರುತ್ತದೆಂದು ಬರೆದಿಡುವುದು.
2. ಊಟದ ಎಲೆಗೆ ಪ್ರತ್ಯೇಕವಾಗಿ ಉಪ್ಪು ಬಡಿಸದಿರುವುದು. ಮಜ್ಜಿಗೆಗೆ ಉಪ್ಪಿನ ಬದಲು ಶುಂಠಿ, ಕರಿಬೇವು, ನಿಂಬೆರಸ ಬಳಸುವುದು.
3. ಸೈಂಧವ ಲವಣದಲ್ಲಿಯೂ ಸೋಡಿಯಂ ಇರುವುದರಿಂದ ಅದನ್ನು ಮಿತಿಯಿಲ್ಲದೆ ಬಳಸಬಾರದು.
4. ಮೂತ್ರಪಿಂಡದ ಕಾಯಿಲೆಯುಳ್ಳವರು ಪೊಟ್ಯಾಸಿಯಂಯುಕ್ತ ಉಪ್ಪನ್ನು ವೈದ್ಯರ ಸಲಹೆಯಿಲ್ಲದೆ ಬಳಸಬಾರದು.
5. ಪಥ್ಯ ಆರಂಭಿಸಿದ ಕಾರಣಕ್ಕೆ ಅಥವಾ ಒತ್ತಡ ಹತೋಟಿಗೆ ಬಂದಿತೆಂದು ಮಾತ್ರೆಗಳನ್ನು ತಾವಾಗಿಯೇ ನಿಲ್ಲಿಸಬಾರದು.

ಲಭ್ಯವಿರುವ ಸೇವೆಗಳು

30 ವರ್ಷ ಮೇಲ್ಪಟ್ಟ ನಾಗರಿಕರು ಸಮೀಪದ ನಮ್ಮ ಕ್ಲಿನಿಕ್ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತದೊತ್ತಡ ಮತ್ತು ಮಧುಮೇಹ ತಪಾಸಣೆಯನ್ನು ಉಚಿತವಾಗಿ ಮಾಡಿಸಿಕೊಳ್ಳಬಹುದು. ತಪಾಸಣೆಗೆ ಅರ್ಧ ಗಂಟೆ ಮುಂಚಿನಿಂದ ಕಾಫಿ, ಚಹಾ, ಧೂಮಪಾನ ಮಾಡದೆ, 5 ನಿಮಿಷ ಕುಳಿತು ವಿಶ್ರಮಿಸುವುದು. ಹಿಂದಿನ ಚೀಟಿಗಳನ್ನು ಜೊತೆಯಲ್ಲಿ ತರುವುದು.

ಹೆಚ್ಚಿನ ಚಿಕಿತ್ಸೆಗೆ, 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಗಳಿಗೆ ವಾರ್ಷಿಕ 5 ಲಕ್ಷ ರೂಪಾಯಿವರೆಗೆ ನೆರವು ದೊರೆಯುತ್ತದೆ. ಆಧಾರ್ ಮತ್ತು ಪಡಿತರ ಚೀಟಿಯೊಂದಿಗೆ ಸರ್ಕಾರಿ ಆಸ್ಪತ್ರೆಯನ್ನು ಸಂಪರ್ಕಿಸತಕ್ಕದ್ದು.

ಎದೆನೋವು, ಎಡಗೈ ಅಥವಾ ದವಡೆಗೆ ಹರಡುವ ನೋವು, ತಣ್ಣನೆಯ ಬೆವರು, ಮಾತಿನ ತೊದಲು, ಮುಖ ಅಥವಾ ಕೈಕಾಲಿನ ಬಲಹೀನತೆ ಕಂಡುಬಂದಲ್ಲಿ ವಿಳಂಬ ಮಾಡದೆ 108ಕ್ಕೆ ಕರೆ ಮಾಡುವುದು.