ತಾಳೆ ನೋಡಿದವರು

ಕೋರ್ಟಿನ ನಕಲು ವಿಭಾಗದಲ್ಲಿ ಇಪ್ಪತ್ತೆಂಟು ವರ್ಷ ಟೈಪ್ ಹೊಡೆದವನು ನಾನು. ನಕಲಿನ ಕೊನೆಯಲ್ಲಿ ಎರಡು ಸಹಿ ಬೀಳುತ್ತವೆ: ನಕಲು ಮಾಡಿದವರು, ತಾಳೆ ನೋಡಿದವರು. ಒಬ್ಬರು ಮೂಲಪ್ರತಿ ಓದಬೇಕು, ಇನ್ನೊಬ್ಬರು ನಕಲಿನ ಮೇಲೆ ಬೆರಳಿಟ್ಟು ಸಾಗಬೇಕು. ಮಧ್ಯಾಹ್ನದ ಹೊತ್ತಿಗೆ ಓದುವವರ ಗಂಟಲು ಒಣಗಿರುತ್ತದೆ, ನೋಡುವವರ ಕಣ್ಣು ಉರಿಯುತ್ತಿರುತ್ತದೆ.

ಹರ್ಮನ್ ಮೆಲ್ವಿಲ್‌ನ ‘ಬಾರ್ಟಲ್‌ಬಿ’ ವಿಚಿತ್ರ ಕಥೆ ಎನ್ನುತ್ತಾರೆ. ನನಗೆ ಅದು ಗೊತ್ತಿರುವ ಕೋಣೆ. 1853ರಲ್ಲಿ ನ್ಯೂಯಾರ್ಕಿನ ‘ಪಟ್ನಮ್ಸ್’ ಮಾಸಪತ್ರಿಕೆಯಲ್ಲಿ ಎರಡು ಕಂತಾಗಿ, ಲೇಖಕನ ಹೆಸರಿಲ್ಲದೆ ಬಂತು. ರೆಮಿಂಗ್ಟನ್ ಟೈಪ್‌ರೈಟರ್ ಮಾರಾಟಕ್ಕೆ ಬಂದದ್ದು 1874ರಲ್ಲಿ. ಅಲ್ಲಿಯವರೆಗೆ ವಾಲ್‌ಸ್ಟ್ರೀಟಿನ ವಕೀಲರ ಕಾಗದವೆಲ್ಲ ಗುಮಾಸ್ತರ ಕೈಯಲ್ಲೇ ನಕಲಾಗಬೇಕಿತ್ತು. ಕಥೆಯಲ್ಲಿ ಕೂಲಿ ನೂರು ಪದಕ್ಕೆ ನಾಲ್ಕು ಸೆಂಟ್. ಅಂದರೆ ಒಂದು ಡಾಲರಿಗೆ 2,500 ಪದ, ಅದೂ ಶಾಯಿ ಚೆಲ್ಲದ ಹಾಗೆ.

ಕಥೆಯ ವಕೀಲನ ಕಚೇರಿಯಲ್ಲಿ ನಿಪ್ಪರ್ಸ್ ಎಂಬ ಗುಮಾಸ್ತನಿಗೆ ಮೇಜಿನ ಎತ್ತರ ಒಮ್ಮೆಯೂ ಹೊಂದುವುದಿಲ್ಲ. ಅದರಡಿ ಮರದ ಚಕ್ಕೆ ಇಡುತ್ತಾನೆ, ರಟ್ಟು ತುರುಕುತ್ತಾನೆ, ಕೊನೆಗೆ ಬ್ಲಾಟಿಂಗ್ ಪೇಪರ್ ಮಡಿಸಿ ನೋಡುತ್ತಾನೆ. ಎತ್ತರಿಸಿದರೆ ತೋಳು ಮರಗಟ್ಟುತ್ತದೆ, ತಗ್ಗಿಸಿದರೆ ಬೆನ್ನು ಹಿಡಿಯುತ್ತದೆ. ಓದಿದವರು ಇಲ್ಲಿ ನಗುತ್ತಾರೆ. ನನಗೆ ನಗು ಬರಲಿಲ್ಲ. ನನ್ನ ಮೇಜಿನ ಕಾಲಿನಡಿಯೂ ಮಡಿಸಿದ ರಟ್ಟು ಇತ್ತು.

ಬಾರ್ಟಲ್‌ಬಿ ಅದೇ ಕಚೇರಿಗೆ ಗುಮಾಸ್ತನಾಗಿ ಬಂದ ಹೊಸತರಲ್ಲಿ ಹಗಲಿರುಳೆನ್ನದೆ, ಮೇಣದ ಬತ್ತಿಯ ಬೆಳಕಿನಲ್ಲೂ ಬರೆಯುತ್ತಾನೆ. ಮೂರನೆಯ ದಿನ ವಕೀಲ ಪುಟ್ಟದೊಂದು ಕಾಗದ ತಾಳೆ ನೋಡಲು ಕರೆದಾಗ, ತೆರೆಯ ಹಿಂದಿನಿಂದ ಮೆತ್ತಗೆ, ಮರ್ಯಾದೆಯಿಂದ, ತನಗದು ಬೇಡ ಎನ್ನುತ್ತಾನೆ. ಮುಂದೊಂದು ದಿನ ವಾರವಿಡೀ ನಡೆದ ಸಾಕ್ಷ್ಯದ ನಾಲ್ಕು ನಕಲು ಸಿದ್ಧವಾಗಿರುತ್ತವೆ, ಮಿಕ್ಕವರೆಲ್ಲ ಕುರ್ಚಿ ಎಳೆದು ಕೂತಿರುತ್ತಾರೆ. ಆಗಲೂ ಅದೇ ಮಾತು.

ಅವನು ಮೊದಲು ಬಿಟ್ಟದ್ದು ಬರೆಯುವುದನ್ನಲ್ಲ, ತಾಳೆ ನೋಡುವುದನ್ನು. ಬರೆಯುವಾಗ ಅಕ್ಷರವಾದರೂ ನಮ್ಮದು. ತಾಳೆ ನೋಡುವಾಗ ನಮ್ಮದೆನ್ನುವುದು ಏನೂ ಇಲ್ಲ. ತಪ್ಪು ಸಿಗದಿದ್ದರೆ ದಿನದ ದುಡಿಮೆ ಎಲ್ಲೂ ಕಾಣಿಸುವುದಿಲ್ಲ. ಮೆಲ್ವಿಲ್‌ಗೆ ಇದು ಹೇಗೆ ತಿಳಿಯಿತೋ! ಅವನೇ ಮುಂದೆ 1866ರಿಂದ ಹತ್ತೊಂಬತ್ತು ವರ್ಷ ನ್ಯೂಯಾರ್ಕಿನ ಸುಂಕದ ಕಚೇರಿಯಲ್ಲಿ ಇನ್‌ಸ್ಪೆಕ್ಟರಾಗಿ ದುಡಿದ.

ಆಮೇಲೆ ಬಾರ್ಟಲ್‌ಬಿ ಬರೆಯುವುದನ್ನೂ ಬಿಡುತ್ತಾನೆ. ಕಿಟಕಿಯ ಮೂರಡಿ ಆಚೆ ಗೋಡೆ. ಅದನ್ನೇ ನೋಡುತ್ತ ನಿಲ್ಲುತ್ತಾನೆ. ವಕೀಲ ಆಗಷ್ಟೇ ಅವನ ಕಣ್ಣು ಮಂಕಾಗಿರುವುದನ್ನು ಗಮನಿಸುತ್ತಾನೆ.

ನನ್ನೊಂದಿಗೆ ಹನ್ನೊಂದು ವರ್ಷ ತಾಳೆ ನೋಡಿದ ಹಿರಿಯರೊಬ್ಬರಿದ್ದರು. ಬೀಳ್ಕೊಡುಗೆಯ ದಿನ ಕೊರಳಲ್ಲಿ ಹಾರ ಇದ್ದಂತೆಯೇ ಸನ್ಮಾನಪತ್ರವನ್ನು ಮೊಣಕಾಲ ಮೇಲೆ ಹರಡಿ, ಪದಪದದ ಕೆಳಗೂ ಬೆರಳಿಟ್ಟು ಓದುತ್ತ ಹೋದರು.