ಎಮ್ಮೆಲ್ಲೆ, ಎಚ್ಚೆನ್, ಎನ್‌ಹೆಚ್: ಸಂಕ್ಷಿಪ್ತಾಕ್ಷರಗಳ ಉಚ್ಚಾರ ಮತ್ತು ಇಂಗ್ಲಿಷ್ ಆರ್ಟಿಕಲ್

ಇಂಗ್ಲಿಷಿನಲ್ಲಿ ‘ಎ’ ಬಳಸಬೇಕೋ ‘ಆ್ಯನ್’ ಬಳಸಬೇಕೋ ಎಂಬುದನ್ನು ಮುಂದಿನ ಪದದ ಮೊದಲ ಅಕ್ಷರವಲ್ಲ, ಮೊದಲ ಧ್ವನಿ ನಿರ್ಧರಿಸುತ್ತದೆ. ‘ಎಂಎಲ್‌ಎ’ಗೆ ಆ್ಯನ್, ‘ಯುಪಿಎಸ್‌ಸಿ’ಗೆ ಎ. ಇಷ್ಟರಮಟ್ಟಿಗೆ ವಿವಾದವಿಲ್ಲ. ಆದರೆ ಯಾರ ಬಾಯಿಯ ಧ್ವನಿ?

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳಲ್ಲಿ ಕನ್ನಡ ಮತ್ತು ತೆಲುಗು ಒಂದೇ ಮನೆಯೊಳಗೆ ಬಳಕೆಯಲ್ಲಿವೆ. ಎರಡೂ ಭಾಷೆಗಳಲ್ಲಿ ಪದಾದಿಯ ಎಕಾರದ ಹಿಂದೆ ಯಕಾರದ ಎಳೆಯೊಂದು ಕೇಳಿಸುತ್ತದೆ: ಎಲ್ಲಿ ‘ಯೆಲ್ಲಿ’ಯಾಗುತ್ತದೆ, ಎಕ್ಕಡ ‘ಯೆಕ್ಕಡ’. ದ್ರಾವಿಡ ಭಾಷೆಗಳ ಈ ಗುಣ ಅವುಗಳ ತೌಲನಿಕ ವ್ಯಾಕರಣ ಬರೆದ ಕಾಲ್ಡ್‌ವೆಲ್ ಕಾಲದಿಂದಲೂ ಚರ್ಚೆಯಲ್ಲಿದೆ. ಇದರಿಂದ ಒಂದು ವಿವರಣೆ ಹುಟ್ಟಿಕೊಂಡಿದೆ: ನಮ್ಮ ವಿದ್ಯಾರ್ಥಿ ‘ಯೆಮ್’ ಎನ್ನುತ್ತಾನೆ, ಯಕಾರ ವ್ಯಂಜನ, ಆದ್ದರಿಂದ ಎಂಎಲ್‌ಎ ಹಿಂದೆ ‘ಎ’ ಬರೆಯುತ್ತಾನೆ. ಕೇಳಲು ಒಪ್ಪುವಂತಿರುವ ಈ ವಾದವನ್ನು ನಾನು ಒಪ್ಪಲಾರೆ.

ಆಕ್ಷೇಪಕ್ಕೆ ಆಧಾರ ಜನರ ಮಾತಿನಲ್ಲೇ ಇದೆ. ಅವರು ಹೇಳುವುದು ‘ಎಮ್ಮೆಲ್ಲೆ’, ಎಮ್ಯೆಲ್ಯೆ ಅಲ್ಲ. ‘ಎಸ್ಸೆಸ್ಸೆಲ್ಸಿ’ಯಲ್ಲೂ ಹಾಗೆಯೇ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಶಿಕ್ಷಣತಜ್ಞ ಎಚ್. ನರಸಿಂಹಯ್ಯನವರು ನಾಡಿಗೆಲ್ಲ ‘ಎಚ್ಚೆನ್’. ವ್ಯಂಜನದ ಬೆನ್ನಿಗೆ ಎಕಾರ ಬಂದೊಡನೆ ಯಕಾರದ ಎಳೆ ಅಳಿದು ವ್ಯಂಜನ ಇಮ್ಮಡಿಸುತ್ತದೆ. ದೇಸಿ ಪದಗಳ ಸಂಧಿಯಲ್ಲಿ ವ್ಯಂಜನ ಇಮ್ಮಡಿಸದಿದ್ದರೂ ಎಳೆ ಹೀಗೆಯೇ ಅಳಿಯುತ್ತದೆ: ಅವನು ಎಲ್ಲಿ ಕೂಡಿ ‘ಅವನೆಲ್ಲಿ’, ತೆಲುಗಿನ ರಾಮುಡು ಎಕ್ಕಡ ಕೂಡಿ ‘ರಾಮುಡೆಕ್ಕಡ’. ಇಲ್ಲಿ ಯಕಾರವು ವ್ಯಂಜನದ ಕೆಲಸ ಮಾಡುವುದೇ ಇಲ್ಲ. ಹಾಗಿದ್ದಮೇಲೆ ಆ್ಯನ್‌ನ ನಕಾರದ ಮುಂದೆ ಮಾತ್ರ ಅದು ಉಳಿಯಬೇಕೇಕೆ?

ತಪ್ಪಿನ ಮೂಲ ಬಾಯಲ್ಲಿ ಇರುವುದಕ್ಕಿಂತ ಕಣ್ಣಿನಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಐದು ಸ್ವರಾಕ್ಷರಗಳ ಪಟ್ಟಿಯನ್ನು ಕಂಠಪಾಠ ಮಾಡಿದ ಮಗುವಿಗೆ ಎಂ ವ್ಯಂಜನಾಕ್ಷರವಾಗಿಯೇ ಕಾಣುತ್ತದೆ. ಪರೀಕ್ಷಿಸಲು ‘ಆರ್‌ಟಿಒ’ ಸಾಕು. ಆಕಾರಕ್ಕೆ ಯಕಾರದ ಎಳೆ ಇಲ್ಲ. ಅಲ್ಲಿಯೂ ‘ಎ’ ಬರೆದರೆ ಉಚ್ಚಾರವನ್ನು ದೂರಲಾಗದು. ಆದರೂ ಈ ಮಾತಿಗೆ ಮಿತಿಗಳಿವೆ. ತರಗತಿಯಲ್ಲಿ ಪದ ಪದ ಬಿಡಿಸಿ ಓದುವಾಗ ಆರ್ಟಿಕಲ್‌ನ ನಂತರ ವಿರಾಮ ಬೀಳುತ್ತದೆ, ವಿರಾಮದ ಮುಂದೆ ಎಳೆ ಮರಳುತ್ತದೆ. ಅಂಥ ಓದಿನಲ್ಲೇ ಬರವಣಿಗೆ ಕಲಿತವರ ಮಟ್ಟಿಗೆ ಹಳೆಯ ವಿವರಣೆಯಲ್ಲಿ ಸ್ವಲ್ಪ ಹುರುಳಿರಬಹುದು. ಎರಡೂ ಕಾರಣಗಳು ಒಟ್ಟಿಗೆ ಕೆಲಸ ಮಾಡಿರಲೂಬಹುದು.

ಹಕಾರದ ಕಥೆ ಬೇರೆ. ಎಚ್ ಎಂದೂ ಹೆಚ್ ಎಂದೂ ಕನ್ನಡದಲ್ಲಿ ಎರಡು ಬರಹಗಳಿವೆ. ಬೆಂಗಳೂರಿನ ಸಂಸ್ಕರಿತ ನೀರನ್ನು ಚಿಕ್ಕಬಳ್ಳಾಪುರ ಜಿಲ್ಲೆಯ ಕೆರೆಗಳಿಗೆ ತರುವ ಹೆಬ್ಬಾಳ–ನಾಗವಾರ ಯೋಜನೆ ಒಬ್ಬರಿಗೆ ‘ಎಚ್ಎನ್ ವ್ಯಾಲಿ’, ಇನ್ನೊಬ್ಬರಿಗೆ ‘ಹೆಚ್ಎನ್ ವ್ಯಾಲಿ’. ಚಿಕ್ಕಬಳ್ಳಾಪುರದ ಮೂಲಕ ಹೈದರಾಬಾದಿಗೆ ಹೋಗುವ ಹೆದ್ದಾರಿ ‘ಎನ್‌ಹೆಚ್ 44’. ನಕಾರದ ಬೆನ್ನಿಗೆ ಬಂದರೂ ಹಕಾರ ಅಳಿದಿಲ್ಲ. ಯಕಾರದ ಎಳೆ ಸೋತ ಜಾಗದಲ್ಲೇ ಇದು ನಿಂತಿದೆ, ಆದ್ದರಿಂದ ಇದು ನಿಜವಾದ ವ್ಯಂಜನ. ಹೆಚ್ ಎನ್ನುವ ವಿದ್ಯಾರ್ಥಿ ‘ಎ ಹೆಚ್ಎನ್ ವ್ಯಾಲಿ ಟ್ಯಾಂಕ್’ ಎಂದು ಬರೆದರೆ ಧ್ವನಿನಿಯಮವನ್ನು ಪಾಲಿಸಿದ್ದಾನೆ. ಐರಿಷ್ ಇಂಗ್ಲಿಷಿನಲ್ಲೂ ಈ ಅಕ್ಷರವನ್ನು ಹಕಾರ ಕೂಡಿಸಿ ಹೇಳುವ ರೂಢಿಯುಂಟು. ಆ ಉತ್ತರಕ್ಕೆ ಅಂಕ ಕಳೆಯುವುದು ಅನ್ಯಾಯ.

ಇದನ್ನು ಎಲ್ಲ ಹೆಚ್‌ಗಳಿಗೂ ವಿಸ್ತರಿಸಲು ಹಿಂಜರಿಯುತ್ತೇನೆ. ಹಳೇ ಮೈಸೂರಿನ ಗ್ರಾಮೀಣ ನುಡಿಯಲ್ಲಿ ಹಾಲು ‘ಆಲು’ ಆಗುವುದುಂಟು. ಹೀಗೆ ಹಕಾರ ಬಿಡುವವನು ಪುಸ್ತಕ ನೋಡಿ ಹೆಚ್ ಎಂದು ಬರೆದರೂ ಆಡುವುದು ಎಚ್ ಇರಬಹುದು. ಆಗ ಅವನ ಬರಹ ಅವನ ಉಚ್ಚಾರಕ್ಕೆ ಸಾಕ್ಷಿಯಾಗದು. ಒಬ್ಬನೇ ವಿದ್ಯಾರ್ಥಿಯ ಮಾತನ್ನೂ ಇಂಗ್ಲಿಷ್ ಬರಹವನ್ನೂ ಜೊತೆಗಿಟ್ಟು, ಮನೆಮಾತು ಕನ್ನಡವೋ ತೆಲುಗೋ ಎಂಬುದನ್ನು ಗುರುತಿಸಿ, ಆರ್, ಎಂ, ಹೆಚ್ ಮೂರನ್ನೂ ತೂಗಿ ನೋಡುವ ಕೆಲಸ ಇನ್ನೂ ಬಾಕಿಯಿದೆ.